3:20ಕ್ಕೆ ಹಸಿರು ಹ್ಯಾಮರ್, ರಾತ್ರಿ ನೋಡಿದರೆ ಕೆಂಪು! ಈ ಕ್ಯಾಂಡಲ್‌ಗಳನ್ನು ನಂಬೋದು ಹೇಗೆ?

ಬೆಣ್ಣೆದೋಸೆ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಷೇರಿನ ಕ್ಯಾಂಡಲ್ ಚಾರ್ಟ್ ನೋಡೋದು ಕಲಿಯುತ್ತಿದ್ದೇನೆ. ಹೊಸಬರಿಗೆ ಹೇಳೋದಾದರೆ, ತೆರೆದ ಬೆಲೆ (ಓಪನ್) ಮತ್ತು ಮುಗಿದ ಬೆಲೆ (ಕ್ಲೋಸ್) ನಡುವಿನ ಡಬ್ಬಿ ಕ್ಯಾಂಡಲ್‌ನ ಬಾಡಿ, ಅದರಾಚೆ ಹೈ, ಲೋ ತನಕ ಹೋಗುವ ಗೆರೆ ಬಾಲ ಅಥವಾ ವಿಕ್. ಓಪನ್‌ಗಿಂತ ಮೇಲೆ ಮುಗಿದರೆ ಹಸಿರು, ಕೆಳಗೆ ಮುಗಿದರೆ ಕೆಂಪು. ನಮ್ಮದು ಬಟ್ಟೆ ಅಂಗಡಿ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಗಲ್ಲಾಪೆಟ್ಟಿಗೆಯ ಪಕ್ಕ ಮೊಬೈಲ್ ಇಟ್ಟುಕೊಂಡು ಕೂರುತ್ತೇನೆ.

ಕಳೆದ ಮಂಗಳವಾರದ ಕಥೆ ಇದು. ಒಂದು ಮಿಡ್‌ಕ್ಯಾಪ್ ಷೇರು, ಹೆಸರು ಬೇಡ. ಬೆಳಿಗ್ಗೆ 412ಕ್ಕೆ ಓಪನ್. ಹನ್ನೊಂದರ ಹೊತ್ತಿಗೆ 401.20ಕ್ಕೆ ಬಿತ್ತು. ಆಮೇಲೆ ನಿಧಾನಕ್ಕೆ ಮೇಲೆ ಬಂತು. 3:20ಕ್ಕೆ 413.10 ಇತ್ತು, ದಿನದ ಹೈ 413.20. ದಿನದ ಚಾರ್ಟ್ ನೋಡಿದರೆ ಮೇಲೆ ಪುಟ್ಟ ಹಸಿರು ಬಾಡಿ, ಕೆಳಗೆ ಉದ್ದ ಬಾಲ. ಕಣ್ಣು ಮುಚ್ಚಿ ಹೇಳಬಹುದಾದ ಹ್ಯಾಮರ್. 413ಕ್ಕೆ 300 ಷೇರು ತಗೊಂಡೆ, ಡೆಲಿವರಿಗೆ, ಅಂದರೆ ಅದೇ ದಿನ ಮಾರದೆ ಇಟ್ಟುಕೊಳ್ಳೋಕೆ.

ರಾತ್ರಿ ಊಟ ಮುಗಿಸಿ ಅದೇ ಚಾರ್ಟ್ ತೆರೆದೆ. ಕ್ಯಾಂಡಲ್ ಕೆಂಪಾಗಿದೆ! ಕ್ಲೋಸ್ 410.85 ಅಂತ ಇದೆ. ನಾನು 3:30ರ ತನಕ ಕದಲದೆ ಕೂತಿದ್ದೆ. ಕೊನೆಯ ವ್ಯವಹಾರ 413ರ ಆಸುಪಾಸಿನಲ್ಲೇ ಆಗಿತ್ತು. ಮರುದಿನ 408ಕ್ಕೆ ತೆರೆದು, ಇಳಿದು ಇಳಿದು, ಕೊನೆಗೆ ತಡೆಯಲಾರದೆ 396.50ಕ್ಕೆ ಮಾರಿದೆ. 4,950 ರೂಪಾಯಿ ಹೋಯಿತು, ಚಾರ್ಜು ಬೇರೆ.

ಕೇಳಬೇಕಾದ್ದು ಎರಡು. ಚಾರ್ಟ್ ರಾತ್ರೋರಾತ್ರಿ ಬಣ್ಣ ಬದಲಿಸಿದ್ದು ಹೇಗೆ? ಹ್ಯಾಮರ್ ಬಂದರೆ ಏರಬೇಕು ಅಂತಾರಲ್ಲ, ಇದು ಯಾಕೆ ಏರಲಿಲ್ಲ?

ಸುಮ್ನಿರೋನು
ಸ್ಟಾಪ್‌ಲಾಸ್ ಎಲ್ಲಿ ಹಾಕಿದ್ರಿ?

ಬೆಣ್ಣೆದೋಸೆ_ದಾವಣಗೆರೆ
ಇಷ್ಟಕ್ಕಿಂತ ಕೆಳಗೆ ಹೋದರೆ ಮಾರಿಬಿಡು ಅನ್ನೋ ಆರ್ಡರ್ ಹಾಕಿರಲಿಲ್ಲ 🙏

ಸುಮ್ನಿರೋನು
ಸರಿ. ಉಳಿದದ್ದು ಬೇರೆಯವರು ಹೇಳುತ್ತಾರೆ.

ಹಳೇ_ಟರ್ಮಿನಲ್
ಮೊದಲನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಹದಿನಾರು ವರ್ಷ ಬ್ರೋಕರ್ ಆಫೀಸಿನಲ್ಲಿ ಕೂತು ಇದೇ ಪ್ರಶ್ನೆಗೆ ಉತ್ತರ ಕೊಟ್ಟವನು ನಾನು.

ಎನ್‌ಎಸ್‌ಇ ಷೇರುಪೇಟೆಯಲ್ಲಿ ಕ್ಲೋಸ್ ಅಂದರೆ ಕೊನೆಯ ವ್ಯವಹಾರದ ಬೆಲೆ ಅಲ್ಲ. 3ರಿಂದ 3:30ರ ತನಕ ಆದ ಎಲ್ಲ ವ್ಯವಹಾರಗಳ ಸರಾಸರಿ. ಅದೂ ಬರೀ ಸರಾಸರಿ ಅಲ್ಲ, ಎಷ್ಟು ಷೇರು ಯಾವ ಬೆಲೆಗೆ ಕೈ ಬದಲಾಯಿತು ಅನ್ನೋದನ್ನು ತೂಗಿ ತೆಗೆದದ್ದು. ಕೊನೆಯ ಅರ್ಧ ಗಂಟೆಯಲ್ಲಿ ಒಂದೂ ವ್ಯವಹಾರ ಆಗದಿದ್ದರೆ ಮಾತ್ರ ಕೊನೆಯ ಬೆಲೆಯನ್ನೇ ಕ್ಲೋಸ್ ಅಂತ ತಗೊಳ್ತಾರೆ.

ಹೀಗೆ ಯಾಕೆ ಅಂದರೆ, ಇಲ್ಲದಿದ್ದರೆ 3:29ಕ್ಕೆ ಒಬ್ಬ ಪುಣ್ಯಾತ್ಮ ನೂರು ಷೇರು ಮೇಲಿನ ಬೆಲೆಗೆ ಎತ್ತಿ ಇಡೀ ದಿನದ ಕ್ಲೋಸನ್ನೇ ತಿರುಚಬಹುದು. ಅರ್ಧ ಗಂಟೆ ಪೂರ್ತಿ ತಿರುಚೋದಕ್ಕೆ ಜೇಬು ದೊಡ್ಡದಿರಬೇಕು.

ನೀವು ಒಂದು ಕೆಲಸ ಮಾಡಿ. ಆ ದಿನದ 5 ನಿಮಿಷದ ಚಾರ್ಟ್ ತೆಗೆಯಿರಿ. 3ರಿಂದ 3:15ರ ತನಕ ಬೆಲೆ ಎಷ್ಟಿತ್ತು, ವಾಲ್ಯೂಮ್ (ಕೈ ಬದಲಾದ ಷೇರು) ಎಷ್ಟಿತ್ತು ನೋಡಿ ಇಲ್ಲಿ ಹಾಕಿ.

ಬೆಣ್ಣೆದೋಸೆ_ದಾವಣಗೆರೆ
ನೋಡಿದೆ ಸರ್. 3ರಿಂದ 3:15ರ ತನಕ 409.50ರಿಂದ 410.50ರ ಒಳಗೇ ಓಡಾಡಿದೆ. ವಾಲ್ಯೂಮ್ ಎಲ್ಲ ಅಲ್ಲೇ ಇದೆ. 413 ಮುಟ್ಟಿದ್ದು ಕೊನೆಯ ಹತ್ತು ಹನ್ನೆರಡು ನಿಮಿಷ, ವಾಲ್ಯೂಮ್ ಕಡ್ಡಿ ಇಷ್ಟೇ ಇಷ್ಟು. ಅಂದರೆ ನಾನು ಕೊಂಡಿದ್ದು ಆ ಕೊನೆಯ ಗದ್ದಲದಲ್ಲಿ!

ಹಳೇ_ಟರ್ಮಿನಲ್
ಅದೇ. 412ಕ್ಕೆ ತೆರೆದು 410.85ಕ್ಕೆ ಮುಚ್ಚಿತು, ಕೆಂಪು. ಚಾರ್ಟ್ ಸುಳ್ಳು ಹೇಳಿಲ್ಲ, ನೀವು ಮಾತು ಮುಗಿಯೋ ಮೊದಲೇ ಎದ್ದು ಹೊರಟಿರಿ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತೇ ಇಲ್ಲ. 3:40ರಿಂದ 4ರ ತನಕ ಇನ್ನೊಂದು ಪುಟ್ಟ ಸೆಷನ್ ಇರುತ್ತೆ. ಅಲ್ಲಿ ಕ್ಲೋಸ್ ಬೆಲೆಗೇ ಕೊಳ್ಳಬಹುದು, ಎದುರಿಗೆ ಮಾರುವವರು ಇದ್ದರೆ. ಕ್ಯಾಂಡಲ್ ಪೂರ್ತಿ ನೋಡಿಕೊಂಡು 410.85ಕ್ಕೇ ಸಿಗುತ್ತಿತ್ತೋ ಏನೋ. ಷೇರಿಗೆ 2.15 ಉಳಿಯುತ್ತಿತ್ತು, ಒಟ್ಟು 645 ರೂಪಾಯಿ. ನಷ್ಟ ತಪ್ಪುತ್ತಿರಲಿಲ್ಲ ಬಿಡಿ, ಒಂದು ಶರ್ಟ್ ಪೀಸ್ ದುಡ್ಡು ಉಳಿಯುತ್ತಿತ್ತು.

ಚಾರ್ಮಾಡಿ_ಘಾಟಿ
ಮಾರಾಯ್ರೆ, ಹತ್ತು ವರ್ಷದಿಂದ ಟ್ರೇಡ್ ಮಾಡ್ತಾ ಇದ್ದೇನೆ, 3:40ರ ಸೆಷನ್ ಒಂದು ಸಲವೂ ತೆರೆದು ನೋಡಿಲ್ಲ.

ಕೆಂಪು_ಕ್ಯಾಂಡಲ್
ಬಣ್ಣದ ಚರ್ಚೆಯೇ ದಂಡ. ಹ್ಯಾಮರ್‌ಗೆ ಬಣ್ಣ ಮುಖ್ಯ ಅಲ್ಲ. ಬಾಡಿ ಚಿಕ್ಕದಿರಬೇಕು, ಮೇಲ್ತುದಿಯಲ್ಲಿರಬೇಕು, ಬಾಲ ಬಾಡಿಯ ಎರಡರಷ್ಟಾದರೂ ಇರಬೇಕು. ಅಷ್ಟೇ. ಇವರ ಕ್ಯಾಂಡಲ್‌ನಲ್ಲಿ ಬಾಡಿ 1.15, ಬಾಲ 9.65. ಕೆಂಪಾದರೂ ಹ್ಯಾಮರೇ.

ತಾಳ್ಮೆ_ತಾಯಿ
ಹಸಿರು ಹ್ಯಾಮರ್ ಸ್ವಲ್ಪ ಗಟ್ಟಿ ಅಂತ ಲೆಕ್ಕ, ಕೆಂಪು ಸ್ವಲ್ಪ ಮೆದು. ಮುಖ್ಯ ಅಲ್ಲವೇ ಅಲ್ಲ ಅನ್ನೋದು ಜಾಸ್ತಿ ಆಯ್ತು.

ಕೆಂಪು_ಕ್ಯಾಂಡಲ್
ಅಕ್ಕ, 412 ಇದ್ದದ್ದು 401ಕ್ಕೆ ಬಿದ್ದು ಮತ್ತೆ 411ಕ್ಕೆ ಬಂದಿದೆ. ಒಂದು ರೂಪಾಯಿ ಆಚೆ ಈಚೆ ಆಗಿದ್ದಕ್ಕೆ ಕೊಳ್ಳುವವರ ಬಲ ಕಡಿಮೆ ಆಯ್ತಾ? ಬಾಲ ನೋಡಿ, ಬಣ್ಣ ಬಿಡಿ. ಚೀನಾದವರ ಚಾರ್ಟ್‌ನಲ್ಲಿ ಏರಿದರೆ ಕೆಂಪು, ಇಳಿದರೆ ಹಸಿರು. ಅವರೇನು ಉಲ್ಟಾ ಟ್ರೇಡ್ ಮಾಡುತ್ತಾರಾ?

ತಾಳ್ಮೆ_ತಾಯಿ
ಬಣ್ಣದ ಮಾತು ಬಿಟ್ಟೆ. ಆದರೆ ನೀವಿಬ್ಬರೂ ಅಸಲು ಪ್ರಶ್ನೆ ಕೇಳಲೇ ಇಲ್ಲ. ಬೆಣ್ಣೆದೋಸೆಯವರೇ, ಆ ಹ್ಯಾಮರ್ ಬರುವ ಮೊದಲಿನ ಎರಡು ಮೂರು ವಾರ ಷೇರು ಏನು ಮಾಡುತ್ತಿತ್ತು?

ಬೆಣ್ಣೆದೋಸೆ_ದಾವಣಗೆರೆ
ಏನೂ ಇಲ್ಲ ಮೇಡಂ. 400ರಿಂದ 420ರ ಮಧ್ಯೆ ಅಲ್ಲಲ್ಲೇ ಇತ್ತು.

ತಾಳ್ಮೆ_ತಾಯಿ
ಹಾಗಾದರೆ ಅದು ಹ್ಯಾಮರ್ ಆಕಾರದ ಕ್ಯಾಂಡಲ್, ಹ್ಯಾಮರ್ ಅಲ್ಲ. ಹ್ಯಾಮರ್ ಅಂದರೆ ಇಳಿತದ ತಳ ಬಡಿದು ನೋಡುವ ಸುತ್ತಿಗೆ. ಇಳಿತವೇ ಇಲ್ಲದಿದ್ದರೆ ತಳ ಎಲ್ಲಿಂದ ಬರಬೇಕು? ಮೂರು ವಾರ ಅಡ್ಡಡ್ಡ ಮಲಗಿದ ಷೇರಿನಲ್ಲಿ ಅಂಥ ಕ್ಯಾಂಡಲ್ ವಾರಕ್ಕೊಂದು ಸಿಗುತ್ತೆ. ನೀವು ಕೊಂಡಿದ್ದು 400ರ ಹತ್ತಿರವೂ ಅಲ್ಲ, 413ಕ್ಕೆ. 420ರಲ್ಲಿ ತಡೆ ಇದೆ ಅಂತ ನಿಮಗೇ ಗೊತ್ತು. ಸಿಗಬಹುದಾದದ್ದು 7 ರೂಪಾಯಿ, ಹೋಗಬಹುದಾದದ್ದು 12. ಅಂಗಡಿಯಲ್ಲಿ ಇಂಥ ವ್ಯಾಪಾರ ಮಾಡುತ್ತೀರಾ?

ಬೆಣ್ಣೆದೋಸೆ_ದಾವಣಗೆರೆ
ಅಂಗಡಿಯಲ್ಲಿ ಮಾಡಿದರೆ ಅಪ್ಪ ಹೊರಗೆ ಹಾಕುತ್ತಾರೆ.

ಮೇಲ್ಸೇತುವೆ
ತಾಳ್ಮೆ ಮೇಡಂ ಹೇಳಿದ್ದಕ್ಕೆ ಒಂದು ನಿಜವಾದ ಉದಾಹರಣೆ ಕೊಡುತ್ತೇನೆ, ಎಲ್ಲರೂ ತೆರೆದು ನೋಡಬಹುದು. ನಿಫ್ಟಿ (ಐವತ್ತು ದೊಡ್ಡ ಷೇರುಗಳ ಸೂಚ್ಯಂಕ) ದಿನದ ಚಾರ್ಟ್, 2024ರ ಜೂನ್ 3, ಸೋಮವಾರ. ಶನಿವಾರ ಸಂಜೆ ಎಕ್ಸಿಟ್ ಪೋಲ್ ಬಂದಿತ್ತು. ಆ ದಿನ ನಿಫ್ಟಿ 733 ಪಾಯಿಂಟ್ ಏರಿ 23,263.90ಕ್ಕೆ ಮುಗಿಯಿತು. ಟಿವಿಯಲ್ಲಿ ಹಬ್ಬ. ಆದರೆ ಕ್ಯಾಂಡಲ್ ಯಾವ ಬಣ್ಣ? ಕೆಂಪು! ಯಾಕೆಂದರೆ ತೆರೆದದ್ದೇ 23,337.90ಕ್ಕೆ, ಗ್ಯಾಪ್ ಅಪ್, ಹಿಂದಿನ ಕ್ಲೋಸ್‌ಗಿಂತ ಎಷ್ಟೋ ಮೇಲೆ. ಮಧ್ಯೆ 23,062ರ ತನಕ ಇಳಿದು ವಾಪಸ್ ಬಂತು. ಮೇಲೆ ಪುಟ್ಟ ಬಾಡಿ, ಕೆಳಗೆ ಬಾಲ, ಮೇಲಿನ ವಿಕ್ ಇಲ್ಲವೇ ಇಲ್ಲ ಅನ್ನುವಷ್ಟು.

ಇದೇ ಆಕಾರ ತಳದಲ್ಲಿ ಬಂದರೆ ಹ್ಯಾಮರ್. ಏರಿದ ಮೇಲೆ ತುದಿಯಲ್ಲಿ ಬಂದರೆ ಹ್ಯಾಂಗಿಂಗ್ ಮ್ಯಾನ್, ನೇಣು ಹಾಕಿಕೊಂಡವನು. ಮರುದಿನ ಜೂನ್ 4, ಚುನಾವಣಾ ಫಲಿತಾಂಶ. ನಿಫ್ಟಿ ಸುಮಾರು 6% ಬಿದ್ದು 21,884.50ಕ್ಕೆ ಮುಗಿಯಿತು. ಎಲ್ಲಿ ಬಂತು ಅನ್ನೋದೇ ಎಲ್ಲ.

ಪೈಥಾನ್_ಪುಟ್ಟ
ಅಣ್ಣಾ, ಕೈ ಮುಗೀತೀನಿ. ಜೂನ್ 4ಕ್ಕೆ ಬಿದ್ದಿದ್ದು ಮತ ಎಣಿಕೆ ನೋಡಿ. ಕ್ಯಾಂಡಲ್‌ಗೆ ವಾರಾಣಸಿಯಲ್ಲಿ ಎಷ್ಟು ಓಟು ಬಂತು ಅಂತ ಮೊದಲೇ ಗೊತ್ತಿತ್ತಾ?

ಇನ್ನೂ ಒಂದು. ಜೂನ್ 7ಕ್ಕೆ ನಿಫ್ಟಿ 23,290ಕ್ಕೆ ಮುಗಿದು ಹೊಸ ದಾಖಲೆ ಬರೆಯಿತು. ಮೂರೇ ದಿನದಲ್ಲಿ ನೇಣು ಹಾಕಿಕೊಂಡವನು ಎದ್ದು ಕೂತು ಕಾಫಿ ಕುಡಿದ. ಹ್ಯಾಂಗಿಂಗ್ ಮ್ಯಾನ್ ನೋಡಿ ಶಾರ್ಟ್ ಮಾಡಿದವನು (ಬೀಳುತ್ತೆ ಅಂತ ಮೊದಲೇ ಮಾರಿಟ್ಟವನು) ಒಂದು ದಿನ ರಾಜ, ಶುಕ್ರವಾರ ಭಿಕಾರಿ.

ಮೇಲ್ಸೇತುವೆ
ಒಂದು ದಿನ ರಾಜ ಆದರೆ ಸಾಕು, ಆ ದಿನ ದುಡ್ಡು ತಗೊಂಡು ಹೊರಗೆ ಬರಬೇಕು.

ಪೈಥಾನ್_ಪುಟ್ಟ
ಆಮೇಲೆ ಹೇಳೋದು ಸುಲಭ ಅಣ್ಣಾ.

ನಾನು ಸುಮ್ನೆ ವಾದ ಮಾಡ್ತಿಲ್ಲ. ಕೋಡ್ ಬರೆದು ನಿಫ್ಟಿ 50ರ ಷೇರುಗಳಲ್ಲಿ ಹ್ಯಾಮರ್ ಹುಡುಕಿದ್ದೇನೆ. ಮೊದಲು ಎದುರಾದ ತಲೆನೋವು, ಹ್ಯಾಮರ್ ಅಂದರೆ ಏನು ಅಂತ ಕಂಪ್ಯೂಟರ್‌ಗೆ ಹೇಳೋದು ಹೇಗೆ? ಬಾಲ ಎರಡರಷ್ಟಾ, ಮೂರರಷ್ಟಾ? ಇಳಿತ ಅಂದರೆ ಐದು ದಿನವಾ, ಹದಿನೈದು ದಿನವಾ? ಒಂದು ಅಂಕಿ ಬದಲಿಸಿದರೆ ಫಲಿತಾಂಶ ಪೂರ್ತಿ ಬೇರೆ. ಎಷ್ಟು ಕಡೆ ತಿರುಚಿ ನೋಡಿದರೂ ಕೊನೆಗೆ ನಾಣ್ಯ ಚಿಮ್ಮಿದ ಹಾಗೇ. ಮೇಲೆ ಎಸ್‌ಟಿಟಿ ತೆರಿಗೆ, ಬ್ರೋಕರೇಜ್ ಕಳೆದರೆ ಮೈನಸ್.

2006ರಲ್ಲಿ ನ್ಯೂಜಿಲೆಂಡಿನ ಸಂಶೋಧಕರು ಅಮೆರಿಕದ ಡೌ ಜೋನ್ಸ್ ಷೇರುಗಳ ಹತ್ತು ವರ್ಷದ ಬೆಲೆ ಹಿಡಿದು ಇದನ್ನೇ ಪರೀಕ್ಷಿಸಿದರು. ಕ್ಯಾಂಡಲ್ ನೋಡಿ ಟ್ರೇಡ್ ಮಾಡಿದರೆ ಲಾಭ ಇಲ್ಲ ಅಂತಲೇ ಅವರಿಗೂ ಸಿಕ್ಕಿದ್ದು.

ಕೆಂಪು_ಕ್ಯಾಂಡಲ್
ಕೋಡ್ ಬರೆದರೆ ಟ್ರೇಡರ್ ಆಗಲ್ಲ ತಮ್ಮ. ಚಾರ್ಟ್ ಓದೋದು ಕಣ್ಣಿನ ಕೆಲಸ. ಸಪೋರ್ಟ್ (ಹಿಂದೆ ಇಳಿತ ನಿಂತ ಬೆಲೆ) ಹತ್ತಿರ ಬಂತಾ, ವಾಲ್ಯೂಮ್ ಎದ್ದಿತಾ, ಮರುದಿನ ಅದರ ಹೈ ದಾಟಿತಾ, ಎಲ್ಲ ಸೇರಿಸಿ ನೋಡಬೇಕು. ನೀನು ಬರೀ ಆಕಾರ ಎಣಿಸಿ ಕೆಲಸ ಮಾಡಲ್ಲ ಅಂತೀಯ. ಬರೀ ಉಪ್ಪು ನೆಕ್ಕಿ ಸಾರು ಚೆನ್ನಾಗಿಲ್ಲ ಅಂದ ಹಾಗಾಯ್ತು.

ಪೈಥಾನ್_ಪುಟ್ಟ
ಸರಿ, ಸಾರಿನ ಪೂರ್ತಿ ಅಳತೆ ಬರೆದು ಕೊಡಿ. ಎಷ್ಟು ಉಪ್ಪು, ಎಷ್ಟು ಹುಳಿ. ಅದನ್ನೂ ಪರೀಕ್ಷೆ ಮಾಡುತ್ತೇನೆ. ಕೊಡಲ್ಲ ನೀವು. "ಅನುಭವದಿಂದ ಬರುತ್ತೆ" ಅಂತೀರಿ.

ಕೆಂಪು_ಕ್ಯಾಂಡಲ್
ಅನುಭವದಿಂದಲೇ ಬರುತ್ತೆ.

ಸುಮ್ನಿರೋನು
😂

ರಾಮನಗರ_ರೇಷ್ಮೆ
ಇಬ್ಬರೂ ಸ್ವಲ್ಪ ತಣ್ಣಗಾಗಿ. ನನ್ನ ಕಥೆ ಕೇಳಿ, ಉದ್ದ ಇದೆ.

2020ರ ಮಾರ್ಚ್ 13, ಶುಕ್ರವಾರ. ಆಗ ನಾನು ಮನೆಯಲ್ಲಿ ಜ್ವರ ಬಂದು ಮಲಗಿದ್ದೆ. ಮಾಮೂಲಿ ಜ್ವರ, ಆದರೆ ಆ ದಿನಗಳಲ್ಲಿ ಮಾಮೂಲಿ ಜ್ವರಕ್ಕೂ ಮನೆಯವರು ಊಟದ ತಟ್ಟೆ ಬಾಗಿಲಲ್ಲೇ ಇಟ್ಟು ಹೋಗುತ್ತಿದ್ದರು. ಬೆಳಿಗ್ಗೆ ಮಾರುಕಟ್ಟೆ ತೆರೆದ ಕೆಲವೇ ನಿಮಿಷಕ್ಕೆ ನಿಫ್ಟಿ 10% ಕೆಳಗೆ, ಲೋವರ್ ಸರ್ಕ್ಯೂಟ್. 45 ನಿಮಿಷ ವ್ಯವಹಾರ ನಿಂತಿತು. ಮತ್ತೆ ಶುರುವಾದ ಮೇಲೆ ಏರಿದ್ದೇ ಏರಿದ್ದು. 8,555 ಮುಟ್ಟಿದ್ದು ಸಂಜೆಗೆ 9,955. ಒಂದೇ ದಿನ ತಳದಿಂದ 1,400 ಪಾಯಿಂಟ್! ಮಂಚದ ಮೇಲೆ ಕೂತು ನಾನೂ ನನ್ನ ಗೆಳೆಯರೂ ಫೋನ್‌ನಲ್ಲಿ ಕುಣಿದಾಡಿಬಿಟ್ಟೆವು.

ಚಾರ್ಟ್ ನೋಡಿದರೆ ಹಿಂದಿನ ದಿನದ್ದು ಉದ್ದ ಕೆಂಪು ಕ್ಯಾಂಡಲ್. ಅದರ ತಳಕ್ಕಿಂತ ಕೆಳಗೆ ತೆರೆದು, ಅದರ ಅರ್ಧಕ್ಕಿಂತ ಮೇಲೆ ಮುಗಿದ ಹಸಿರು ಕ್ಯಾಂಡಲ್. ಪಿಯರ್ಸಿಂಗ್ ಲೈನ್ ಅಂತಾರಲ್ಲ, ಅದೇ. ತಾಳ್ಮೆ ಮೇಡಂ ಕೇಳಿದ ಇಳಿತವೂ ಮುಂಚೆ ಇತ್ತು, ಕೆಂಪು ಕ್ಯಾಂಡಲ್ ಅವರು ಕೇಳಿದ ವಾಲ್ಯೂಮೂ ಇತ್ತು. ಸಾರಿಗೆ ಉಪ್ಪು, ಹುಳಿ, ಖಾರ ಎಲ್ಲ ಬಿದ್ದಿತ್ತು. "ತಳ ಸಿಕ್ಕಿತು" ಅಂತ ಇದ್ದ ದುಡ್ಡೆಲ್ಲ ಹಾಕಿದೆ.

ಸೋಮವಾರ ನಿಫ್ಟಿ 9,200ರ ಆಸುಪಾಸಿಗೆ ಬಂತು. ಮುಂದಿನ ಸೋಮವಾರ, ಅಂದರೆ 23ಕ್ಕೆ, ಒಂದೇ ದಿನ 13% ಬಿದ್ದು 7,610. 24ಕ್ಕೆ 7,511 ಮುಟ್ಟಿತು. ಆ ಬೆಳಿಗ್ಗೆ ನಾನು ಎಲ್ಲ ಮಾರಿದೆ. ಅದೇ ತಳ. ಆ ರಾತ್ರಿ ಲಾಕ್‌ಡೌನ್ ಘೋಷಣೆ ಆಯಿತು, ಮರುದಿನದಿಂದ ಮಾರುಕಟ್ಟೆ ಏರತೊಡಗಿತು.

ಆ ಶುಕ್ರವಾರದ ಕ್ಯಾಂಡಲ್ ಈಗಲೂ ತೆರೆದು ನೋಡುತ್ತೇನೆ. ಅಷ್ಟು ಚಂದದ ಕ್ಯಾಂಡಲ್ ಆಮೇಲೆ ನೋಡಿಲ್ಲ.

ತಾಳ್ಮೆ_ತಾಯಿ
ಅಣ್ಣ, ಇದಕ್ಕೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ನಾನೂ ಆ ದಿನ ಕೊಂಡಿದ್ದೆ. ಸೋಮವಾರ ಶುಕ್ರವಾರದ ಕ್ಯಾಂಡಲ್‌ನ ಅರ್ಧಕ್ಕಿಂತ ಕೆಳಗೆ ಬಂದಾಗ ಮಾರಿಬಿಟ್ಟೆ. ನಷ್ಟ ಆಯ್ತು, ಉಳಿದದ್ದು ಉಳಿಯಿತು. ನಾನು ಜಾಣೆ ಅಂತಲ್ಲ, ದುಡ್ಡು ಕಡಿಮೆ ಇತ್ತು, ಹೆದರಿಕೆ ಜಾಸ್ತಿ ಇತ್ತು.

ಹುಬ್ಬಳ್ಳಿ_ಗಿರ್ಮಿಟ್
ವಿಷಯ ಬದಲಿಸ್ತೀನಿ. ಒಂದು ಗಂಟೆಯ ಚಾರ್ಟ್‌ನಲ್ಲಿ ದಿನಾ ಕೊನೆಯ ಕ್ಯಾಂಡಲ್ ಯಾಕೆ ಗಿಡ್ಡ ಇರುತ್ತೆ? ನಾನು ಅದನ್ನು ಡೋಜಿ (ಓಪನ್, ಕ್ಲೋಸ್ ಹೆಚ್ಚುಕಡಿಮೆ ಒಂದೇ ಆದ ಕ್ಯಾಂಡಲ್) ಅಂದುಕೊಂಡು ಎರಡು ವಾರ ಲೆಕ್ಕ ಹಾಕಿದೆ.

ಹಳೇ_ಟರ್ಮಿನಲ್
ಅಯ್ಯೋ ದೇವರೇ. 9:15ಕ್ಕೆ ಶುರು ಆಗಿ ಗಂಟೆಗೊಂದು ಕ್ಯಾಂಡಲ್ ಅಂದರೆ ಕೊನೆಯದು 3:15ರಿಂದ 3:30, ಹದಿನೈದೇ ನಿಮಿಷದ್ದು. ಪಾಪ ಅದಕ್ಕೆ ಬೆಳೆಯೋದಕ್ಕೆ ಸಮಯವೇ ಇಲ್ಲ. ನಮ್ಮ ಮಾರುಕಟ್ಟೆ ದಿನಕ್ಕೆ 375 ನಿಮಿಷ. 75 ನಿಮಿಷದ ಕ್ಯಾಂಡಲ್ ಇಟ್ಟರೆ ಸರಿಯಾಗಿ ಐದು, 125 ಇಟ್ಟರೆ ಮೂರು ಬರುತ್ತವೆ. ಅದಕ್ಕೇ ನಮ್ಮಲ್ಲಿ ತುಂಬಾ ಜನ 75 ನಿಮಿಷ ಇಡುತ್ತಾರೆ.

ಹುಬ್ಬಳ್ಳಿ_ಗಿರ್ಮಿಟ್
ಎರಡು ವಾರ ಗಾಳಿಗೆ ಹೋಯ್ತು.

ಪೈಥಾನ್_ಪುಟ್ಟ
ಇದನ್ನೇ ನಾನು ಹೇಳ್ತಿರೋದು! 60 ಇಟ್ಟರೆ ಡೋಜಿ, 75 ಇಟ್ಟರೆ ಡೋಜಿ ಮಾಯ. ಬೆಲೆ ಅದೇ, ಜನ ಅದೇ, ನೀವು ಕತ್ತರಿ ಹಾಕಿದ ಜಾಗ ಬೇರೆ. ಅದರಲ್ಲಿ ಜಪಾನಿನ ಸಮುರಾಯ್‌ಗಳ ಮನಸ್ಸು ಓದ್ತೀವಿ ಅಂತೀರಿ.

ಚಾರ್ಮಾಡಿ_ಘಾಟಿ
ಜಪಾನ್ ಅಂದಾಗ ನೆನಪಾಯ್ತು. ನಮ್ಮ ಮನೆಯಲ್ಲಿ ಒಮ್ಮೆ ನಾನು ಗೆಳೆಯನ ಹತ್ತಿರ ಫೋನಿನಲ್ಲಿ "ಇವತ್ತು ಒಳ್ಳೇ ಹರಾಮಿ ಬಂತು ಮಾರಾಯ" ಅಂದೆ. ಅತ್ತೆ ಮುಂಬೈಯಲ್ಲಿ ಮೂವತ್ತು ವರ್ಷ ಇದ್ದವರು. ಒಂದು ವಾರ ನನ್ನ ಹತ್ತಿರ ಮಾತೇ ಆಡಲಿಲ್ಲ.

ತಾಳ್ಮೆ_ತಾಯಿ
😂😂 ಜಪಾನಿ ಭಾಷೆಯಲ್ಲಿ ಹರಾಮಿ ಅಂದರೆ ಬಸುರಿ ಅಂತ ಹೇಳಬೇಕಿತ್ತು. ಮೊದಲ ದಿನದ ದೊಡ್ಡ ಕ್ಯಾಂಡಲ್ ತಾಯಿ, ಎರಡನೇ ದಿನದ ಚಿಕ್ಕದು ಅವಳ ಹೊಟ್ಟೆಯೊಳಗಿನ ಕೂಸು.

ಚಾರ್ಮಾಡಿ_ಘಾಟಿ
ಹೇಳಿದೆ. "ಷೇರಿನಲ್ಲಿ ಬಸುರಿ ಎಂತದ್ದು" ಅಂತ ಇನ್ನೂ ಒಂದು ವಾರ ಮುಂದುವರಿಯಿತು.

ಮೇಲ್ಸೇತುವೆ
ಮರುಬೋಜು ಅಂದರೂ ಅಂಥದ್ದೇ, ಬೋಳು ತಲೆ. ವಿಕ್ ಇಲ್ಲದ ಕ್ಯಾಂಡಲ್. ಇದನ್ನೆಲ್ಲ ಕಂಡುಹಿಡಿದಿದ್ದು ಹೊಮ್ಮಾ ಅನ್ನೋ ಅಕ್ಕಿ ವ್ಯಾಪಾರಿ, 1700ರ ಕಾಲದಲ್ಲಿ. ಮುನ್ನೂರು ವರ್ಷದ ವಿದ್ಯೆ ಇದು, ಸುಮ್ನೆ ಅಲ್ಲ.

ಮೊಳಕೆ_ಕಾಳು
ಇಲ್ಲಿ ಒಂದು ತಿದ್ದುಪಡಿ. ಹೊಮ್ಮಾ ಮುನೆಹಿಸಾ ಇದ್ದದ್ದು ನಿಜ, ಸಕಾಟಾ ಊರಿನ ದೊಡ್ಡ ಅಕ್ಕಿ ವ್ಯಾಪಾರಿ, ತುಂಬಾ ದುಡ್ಡು ಮಾಡಿದ್ದೂ ನಿಜ. ಒಸಾಕಾದ ಡೋಜಿಮಾ ಅಕ್ಕಿ ಮಾರುಕಟ್ಟೆಗೆ 1730ರಲ್ಲಿ ಶೋಗುನ್ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಲ್ಲಿ ಅಕ್ಕಿ ಮೂಟೆಗಿಂತ ಮುಂದೆ ಬರುವ ಅಕ್ಕಿಯ ಚೀಟಿ ಜಾಸ್ತಿ ಓಡಾಡುತ್ತಿತ್ತು. ಬೆಲೆ ಸುದ್ದಿಯನ್ನು ಗುಡ್ಡದಿಂದ ಗುಡ್ಡಕ್ಕೆ ಬಾವುಟ ಬೀಸಿ ಮುಟ್ಟಿಸುತ್ತಿದ್ದರು. ಆದರೆ ಹೊಮ್ಮಾ ಕೂತು ಕ್ಯಾಂಡಲ್ ಬರೆದ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಈ ಥರದ ಚಾರ್ಟ್ ಆಮೇಲೆ, ಮೇಜಿ ಕಾಲದಲ್ಲಿ, ಅಂದರೆ 1868ರ ನಂತರ ರೂಪುಗೊಂಡದ್ದು ಅಂತ ತಿಳಿದವರು ಹೇಳುತ್ತಾರೆ.

ಮೇಲ್ಸೇತುವೆ
ನಾನು ತಗೊಂಡ ಕೋರ್ಸಿನಲ್ಲಿ ಹೊಮ್ಮಾನ ಫೋಟೋ ಬೇರೆ ಹಾಕಿದ್ದರು!

ಮೊಳಕೆ_ಕಾಳು
1803ರಲ್ಲಿ ಸತ್ತವನ ಫೋಟೋ. ಕೋರ್ಸಿಗೆ ಎಷ್ಟು ಕೊಟ್ರಿ?

ಮೇಲ್ಸೇತುವೆ
ಅದು ಬೇಡ ಬಿಡಿ.

ರಾಶಿ_ಅಡಿಕೆ
ನಾನು ತೀರ್ಥಹಳ್ಳಿ ಕಡೆಯವನು. ಅಕ್ಕಿಗೆ ಆಗುತ್ತೆ ಅಂದ ಮೇಲೆ ಅಡಿಕೆಗೂ ಆಗಬೇಕಲ್ಲ ಅಂತ ನಾನು ಒಂದು ಕೆಲಸ ಮಾಡಿದ್ದೇನೆ. ಶಿವಮೊಗ್ಗ ಎಪಿಎಂಸಿಯ ರಾಶಿ ಅಡಿಕೆ ಧಾರಣೆ ದಿನಾ ಬರೆದಿಟ್ಟು ಎಕ್ಸೆಲ್‌ನಲ್ಲಿ ಕ್ಯಾಂಡಲ್ ಚಾರ್ಟ್ ಮಾಡಿದೆ. ಕನಿಷ್ಠ, ಗರಿಷ್ಠ, ಮೋಡಲ್ (ಹೆಚ್ಚು ಮಾಲು ಹೋದ ಬೆಲೆ) ಅಂತ ಮೂರು ಬೆಲೆ ಕೊಡುತ್ತಾರೆ. ಗರಿಷ್ಠವನ್ನು ಹೈ, ಕನಿಷ್ಠವನ್ನು ಲೋ ಮಾಡಿದೆ. ನಿನ್ನೆಯ ಮೋಡಲ್ ಓಪನ್, ಇವತ್ತಿನ ಮೋಡಲ್ ಕ್ಲೋಸ್. ನೋಡೋಕೆ ಥೇಟ್ ಷೇರಿನ ಹಾಗೇ ಇದೆ. ಆದರೆ ಎಲ್ಲ ಕ್ಯಾಂಡಲ್‌ಗೂ ಕೆಳಗೆ ಉದ್ದುದ್ದ ಬಾಲ. ದಿನಾ ಹ್ಯಾಮರ್! ಇದನ್ನು ನೋಡಿ ಮಾಲು ತಡೆದು ಇಡಬಹುದಾ?

ಹಳೇ_ಟರ್ಮಿನಲ್
ಪ್ರಯತ್ನಕ್ಕೆ ಶಭಾಷ್. ಆದರೆ ಆ ಬಾಲ ಬೇರೆ ಪ್ರಾಣಿಯದ್ದು.

ಷೇರಿನಲ್ಲಿ ಒಂದು ಷೇರಿಗೂ ಇನ್ನೊಂದಕ್ಕೂ ವ್ಯತ್ಯಾಸ ಇಲ್ಲ. ಅದಕ್ಕೆ ಲೋ ಅಂದರೆ ಆ ದಿನ ಒಂದು ಹೊತ್ತಿನಲ್ಲಿ ಎಲ್ಲರಿಗೂ ಆ ಬೆಲೆ ಇತ್ತು, ಆಮೇಲೆ ಕೊಳ್ಳುವವರು ಬಂದು ಮೇಲೆತ್ತಿದರು ಅಂತ ಅರ್ಥ. ನಿಮ್ಮ ಮಂಡಿಯಲ್ಲಿ ಕನಿಷ್ಠ ಬೆಲೆ ಅಂದರೆ ಯಾರದೋ ತೇವದ ಲಾಟು, ಸರಿಯಾಗಿ ಒಣಗಿಸದ್ದು, ಕಳಪೆ ಮಾಲು. ಗರಿಷ್ಠ ಅಂದರೆ ಇನ್ನೊಬ್ಬರ ಚೆನ್ನಾಗಿ ಬೇಯಿಸಿ ಒಣಗಿಸಿದ ಲಾಟು. ಎರಡೂ ಒಂದೇ ಹೊತ್ತಿನಲ್ಲಿ ಟೆಂಡರ್ ಆಗಿರಬಹುದು. ಅಲ್ಲಿ ಬೆಲೆ ಬಿದ್ದು ಏಳಲಿಲ್ಲ, ಮಾಲು ಬೇರೆ ಬೇರೆ ಇತ್ತು ಅಷ್ಟೇ. ಮೋಡಲ್ ಬೆಲೆ ಒಂದನ್ನೇ ಗೆರೆ ಎಳೆದು ನೋಡಿ, ಅದಕ್ಕೆ ಅರ್ಥ ಇದೆ.

ರಾಶಿ_ಅಡಿಕೆ
ಹೌದಲ್ವಾ! ನಮ್ಮ ಪಕ್ಕದ ತೋಟದವನ ಅಡಿಕೆಯೇ ಎಲ್ಲ ಹ್ಯಾಮರ್‌ಗೂ ಕಾರಣ ಅಂತಾಯ್ತು.

ಸಕಲೇಶಪುರ_ಮಂಜು
ಕಾಫಿಯವರಿಗೆ ಈ ತೊಂದರೆ ಇಲ್ಲ. ರೊಬಸ್ಟಾ ಲಂಡನ್, ಅರೇಬಿಕಾ ನ್ಯೂಯಾರ್ಕ್, ಎರಡೂ ಫ್ಯೂಚರ್ಸ್, ಅಂದರೆ ಮುಂದೆ ಬರುವ ಮಾಲಿಗೆ ಇವತ್ತೇ ಬೆಲೆ ಕಟ್ಟುವ ಒಪ್ಪಂದ. ಒಂದೇ ಗುಣಮಟ್ಟದ ಲೆಕ್ಕ, ನಿಜವಾದ ಓಪನ್, ನಿಜವಾದ ಕ್ಲೋಸ್. ನಾವು ರಾತ್ರಿ ಮಲಗುವ ಮುಂಚೆ ಅದನ್ನೇ ನೋಡೋದು. ಆದರೆ ಒಂದು ಎಚ್ಚರ, ಒಂದು ತಿಂಗಳ ಕಾಂಟ್ರಾಕ್ಟ್ ಮುಗಿದು ಚಾರ್ಟ್ ಮುಂದಿನದಕ್ಕೆ ಹಾರಿದಾಗ ಸುಳ್ಳು ಗ್ಯಾಪ್ ಬರುತ್ತೆ. ನಮ್ಮ ಸಂಬಂಧಿಕರೊಬ್ಬರು ಅದನ್ನು ಕುಸಿತ ಅಂದುಕೊಂಡು ಗೋದಾಮಿನಲ್ಲಿದ್ದ ಚೀಲ ಎಲ್ಲ ಮಾರಿಬಿಟ್ಟರು.

ಅರವತ್ತರ_ಅರಳುಮರಳು
ಷೇರಿನಲ್ಲೂ ಅಂಥದ್ದೇ ಇದೆ ಮಂಜು ಅವರೇ. ಬೋನಸ್, ಸ್ಪ್ಲಿಟ್ ಆಗಿ ಷೇರಿನ ಸಂಖ್ಯೆ ಹೆಚ್ಚಾದ ದಿನ ಹೊಂದಿಸದ ಚಾರ್ಟ್ ನೋಡಿದರೆ ಬೆಲೆ ಅರ್ಧಕ್ಕೆ ಬಿದ್ದ ಹಾಗೆ ಕಾಣುತ್ತೆ. ಮೊದಲ ಸಲ ನೋಡಿದಾಗ ನನ್ನ ಕೈಲಿದ್ದ ಕಾಫಿ ಲೋಟ ಬಿದ್ದು ಹೋಯ್ತು.

ಕುಣಿಗಲ್_ಕುದುರೆ
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಯಾಕೆ? ನಮ್ಮ ಟೆಲಿಗ್ರಾಂ ಗುಂಪಿನಲ್ಲಿ ದಿನಾ ಮೂರು ಪ್ಯಾಟರ್ನ್ ಹಾಕುತ್ತಾರೆ, ಹತ್ತರಲ್ಲಿ ಒಂಬತ್ತು ಸರಿ ಆಗುತ್ತೆ. ಬೇಕಾದವರು ಹೇಳಿ, ಲಿಂಕ್ ಕಳಿಸ್ತೀನಿ.

ಸುಮ್ನಿರೋನು
ಬಂದ್ರಪ್ಪಾ.

ಹಳೇ_ಟರ್ಮಿನಲ್
ಹತ್ತರಲ್ಲಿ ಒಂಬತ್ತು ಅನ್ನೋ ಲೆಕ್ಕ ಇನ್ನೊಂದು ಕಡೆಯೂ ಇದೆ ಕುದುರೆಯವರೇ. ಷೇರುಪೇಟೆಯ ನಿಯಂತ್ರಕ ಸೆಬಿಯೇ ಕೊಟ್ಟದ್ದು: 2024-25ರಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ 91% ಮಂದಿಗೆ ನಷ್ಟ, ಒಟ್ಟು 1,05,603 ಕೋಟಿ ರೂಪಾಯಿ. ಷೇರಿನ ಇಂಟ್ರಾಡೇಯಲ್ಲಿ (ಅದೇ ದಿನ ಕೊಂಡು ಮಾರೋದು) 2022-23ರಲ್ಲಿ ಹತ್ತರಲ್ಲಿ ಏಳು ಜನ ಕಳೆದುಕೊಂಡಿದ್ದರು.

ಕಲಿಸುವವರ ಮೇಲೂ ಕಟ್ಟು ಇದೆ. 2025ರ ಜನವರಿಯ ಸುತ್ತೋಲೆಯಲ್ಲಿ ಸೆಬಿ ಹೇಳಿದ್ದು, ಬರೀ ಪಾಠ ಹೇಳುವವರು ಹಿಂದಿನ ಮೂರು ತಿಂಗಳ ಬೆಲೆ ತೋರಿಸುವ ಹಾಗಿಲ್ಲ ಅಂತ. ನಿಮ್ಮ ಗುಂಪಿನವರಿಗೆ ನೋಂದಣಿ ಸಂಖ್ಯೆ ಇದೆಯಾ?

ಕುಣಿಗಲ್_ಕುದುರೆ
ಕೇಳಿ ಹೇಳ್ತೀನಿ.

ತಾಳ್ಮೆ_ತಾಯಿ
ಕೇಳಿ ಬನ್ನಿ, ಕಾಯ್ತೀವಿ.

ಪೈಥಾನ್_ಪುಟ್ಟ
(ಮೂರು ದಿನ ಆಯ್ತು, ಕುದುರೆ ಇನ್ನೂ ಓಡ್ತಾನೇ ಇದೆ.)

ತಾಳ್ಮೆ ಮೇಡಂ, ನೀವು ಇಷ್ಟು ಲೆಕ್ಕದ ಮನುಷ್ಯರು, ನೀವ್ಯಾಕೆ ಕ್ಯಾಂಡಲ್ ನೋಡ್ತೀರಿ? ಜಗಳ ಅಲ್ಲ, ನಿಜವಾಗಿ ಕೇಳ್ತಿದ್ದೀನಿ.

ತಾಳ್ಮೆ_ತಾಯಿ
ಏರುತ್ತೋ ಇಳಿಯುತ್ತೋ ತಿಳಿಯೋಕೆ ನೋಡಲ್ಲ ಪುಟ್ಟ. ಎಲ್ಲಿ ಸೋಲು ಒಪ್ಪಿಕೊಳ್ಳಬೇಕು ಅಂತ ಒಂದು ಗೆರೆ ಬೇಕಲ್ಲ, ಅದಕ್ಕೆ ನೋಡ್ತೀನಿ. ಹ್ಯಾಮರ್ ಬಂತು ಅಂದರೆ ಅದರ ಬಾಲದ ತುದಿ ನನ್ನ ಗೆರೆ. ಅದರ ಕೆಳಗೆ ಹೋದರೆ ನಾನು ಓದಿದ್ದು ತಪ್ಪು. ಆ ಗೆರೆಗೂ ಕೊಳ್ಳುವ ಬೆಲೆಗೂ ಎಷ್ಟು ದೂರ ಅಂತ ಲೆಕ್ಕ ಹಾಕಿ ಎಷ್ಟು ಷೇರು ಅಂತ ತೀರ್ಮಾನ. ಬೆಣ್ಣೆದೋಸೆಯವರ ವಿಷಯದಲ್ಲಿ 413ಕ್ಕೂ 401ಕ್ಕೂ 12 ರೂಪಾಯಿ. ನಾನು ಒಂದು ಟ್ರೇಡಿಗೆ 1,200ಕ್ಕಿಂತ ಜಾಸ್ತಿ ಕಳೆದುಕೊಳ್ಳಲ್ಲ ಅಂತ ಇಟ್ಟುಕೊಂಡರೆ 100 ಷೇರು, 300 ಅಲ್ಲ.

ಪೈಥಾನ್_ಪುಟ್ಟ
ಅದಕ್ಕೆ ಕ್ಯಾಂಡಲ್ಲೇ ಬೇಕಾ? ಗೋಡೆ ಮೇಲೆ ಹಲ್ಲಿ ಕೂತ ಜಾಗವನ್ನೂ ಗೆರೆ ಮಾಡಿಕೊಳ್ಳಬಹುದು.

ತಾಳ್ಮೆ_ತಾಯಿ
ಹಲ್ಲಿ ಓಡಿಹೋಗುತ್ತೆ. ಕ್ಯಾಂಡಲ್ ಇದ್ದಲ್ಲೇ ಇರುತ್ತೆ, 3:30 ಆದ ಮೇಲೆ.

ಹಳೇ_ಟರ್ಮಿನಲ್
ಕ್ಲೋಸ್ ಲೆಕ್ಕ ಆದ ಮೇಲೆ 😄

ಬೆಣ್ಣೆದೋಸೆ_ದಾವಣಗೆರೆ
ಎಲ್ಲರಿಗೂ ತಡವಾಗಿ ಉತ್ತರ, ಅಂಗಡಿಯಲ್ಲಿ ಮದುವೆ ಸೀಸನ್. ಅದೇ ಷೇರಿನ ಮುಂದಿನ ಕಥೆ ಹೇಳುತ್ತೇನೆ.

ನಾನು ಮಾರಿದ ಮೇಲೆ ಅದು ಎಂಟು ದಿನ ಇಳಿಯಿತು, 372ರ ತನಕ. ಮೊನ್ನೆ ಗುರುವಾರ ಮತ್ತೆ ಹ್ಯಾಮರ್. ಈ ಸಲ ಮುಂಚೆ ಇಳಿತ ಇತ್ತು. 3:20ಕ್ಕೆ ಕೈ ತುರಿಸುತ್ತಿತ್ತು. ನಿಮ್ಮ ಮಾತೆಲ್ಲ ನೆನಪಾಗಿ ಮೊಬೈಲನ್ನು ಗಲ್ಲಾಪೆಟ್ಟಿಗೆಯ ಒಳಗೆ ಹಾಕಿ ಬೀಗ ಹಾಕಿದೆ. ಆರು ಗಂಟೆಗೆ ತೆರೆದು ನೋಡಿದೆ, ಹಸಿರು ಹ್ಯಾಮರ್ ಹಾಗೇ ಇತ್ತು. ಸರಿ, ಮರುದಿನ ಅದರ ಹೈ ದಾಟಿದರೆ ಕೊಳ್ಳೋಣ, ಬಾಲದ ತುದಿಗೆ ಸ್ಟಾಪ್‌ಲಾಸ್, 100 ಷೇರು ಅಂತ ಬಿಲ್ ಬುಕ್ಕಿನ ಹಿಂದೆ ಬರೆದೆ.

ಶುಕ್ರವಾರ ಬೆಳಿಗ್ಗೆ ಅದು ಹೈಗಿಂತ 9 ರೂಪಾಯಿ ಮೇಲೇ ತೆರೆಯಿತು. ಆಗಲೇ ಒಂದು ಮದುವೆ ಪಾರ್ಟಿ ಒಳಗೆ ಬಂತು, ಹದಿನೆಂಟು ಜನ. ಸೀರೆ ತೋರಿಸಿ, ಮಡಿಸಿ, ಚೌಕಾಸಿ ಮುಗಿಯುವಷ್ಟರಲ್ಲಿ ಒಂದೂವರೆ. ಷೇರು 5% ಮೇಲಿತ್ತು. ಕೊಳ್ಳಲಿಲ್ಲ.

ಕೆಂಪು_ಕ್ಯಾಂಡಲ್
ನೋಡಿದ್ರಾ! ಹ್ಯಾಮರ್ ಕೆಲಸ ಮಾಡಿತು!

ಪೈಥಾನ್_ಪುಟ್ಟ
ಒಂದು ಸಲ.

ಸುಮ್ನಿರೋನು
ಸೀರೆ ಎಷ್ಟು ಹೋಯ್ತು?

ಬೆಣ್ಣೆದೋಸೆ_ದಾವಣಗೆರೆ
ಇಪ್ಪತ್ತೆರಡು. ಬ್ಲೌಸ್ ಪೀಸ್ ಬೇರೆ.

ರಾಶಿ_ಅಡಿಕೆ
ನಾನು ಚಾರ್ಟ್ ಸರಿ ಮಾಡಿದೆ, ಈಗ ಬರೀ ಮೋಡಲ್ ಗೆರೆ. ಒಂದೂ ಹ್ಯಾಮರ್ ಇಲ್ಲ, ನೋಡೋಕೆ ಬೇಜಾರು. ಹಳೇ ಟರ್ಮಿನಲ್ ಸರ್, ಚಿತ್ರ ಇಲ್ಲಿ ಹಾಕೋದು ಹೇಗೆ?